ಬಾಲ್ಕನಿಯಲ್ಲಿ ಮರಗೆಲಸ: ಸದ್ದಿಲ್ಲದೆ ನಡೆಸುವ ಬಗೆ

ಫ್ಲ್ಯಾಟಿನಲ್ಲಿ ಮರಗೆಲಸ ಶುರು ಮಾಡಬೇಕು ಅನ್ನುವವರು ಮೊದಲು ಜಾಗದ ಬಗ್ಗೆ ಕೇಳುತ್ತಾರೆ. ನನಗೆ 8 ಅಡಿ ಉದ್ದ, 4 ಅಡಿ ಅಗಲದ ಬಾಲ್ಕನಿ ಸಾಕಾಯಿತು. ಯಾವ ಉಪಕರಣ ಕೊಳ್ಳಬೇಕು, ಬೆಂಚು ಎಲ್ಲಿಡಬೇಕು, ಯಾವ ಹೊತ್ತಿನಲ್ಲಿ ಕೆಲಸ ಮಾಡಬೇಕು ಅನ್ನುವುದನ್ನೆಲ್ಲ ನಿರ್ಧರಿಸಿದ್ದು ಸದ್ದು. ಬೆಂಗಳೂರಿನ ಈ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗೆ ವಯಸ್ಸಾದ ದಂಪತಿ ಇದ್ದಾರೆ, ಪಕ್ಕದ ಮನೆಯಲ್ಲಿ ಪುಟ್ಟ ಮಗು ಇದೆ. ಅವರ ನೆಮ್ಮದಿ ಕೆಡಿಸಿ ಹವ್ಯಾಸ ನಡೆಸುವುದು ನನಗೆ ಬೇಕಿರಲಿಲ್ಲ.

ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಪಕ್ಕದಲ್ಲಿ ನಿಂತರೆ 100 ಡೆಸಿಬೆಲ್ ಸುತ್ತಮುತ್ತ ಕಿವಿಗೆ ಬಡಿಯುತ್ತದೆ. ಹಾಗಾಗಿ ಮಷೀನುಗಳ ಆಸೆ ಬಿಟ್ಟೆ. ಬ್ಯಾಟರಿ ಡ್ರಿಲ್ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಉಳಿದದ್ದೆಲ್ಲ ಕೈಗೆಲಸ: ಗರಗಸ, ಮರದ ಮೈ ಹೆರೆದು ನುಣುಪು ಮಾಡುವ ಕೀಸುಳಿ, ಉಳಿ.

ಆದರೆ ಕೈ ಉಪಕರಣ ಅಂದಮಾತ್ರಕ್ಕೆ ಸದ್ದೇ ಇರುವುದಿಲ್ಲ ಅಂತಲ್ಲ. ಗರಗಸದ ಸದ್ದು ಗಾಳಿಯಲ್ಲಿ ಹೋಗುತ್ತದೆ, ಬೇಗ ಸಣ್ಣದಾಗುತ್ತದೆ. ಕೊಡತಿಯ ಪೆಟ್ಟು ಹಾಗಲ್ಲ. ಅದು ಬೆಂಚಿನ ಕಾಲಿನಲ್ಲಿ ಇಳಿದು, ಸ್ಲ್ಯಾಬಿಗೆ ಸೇರಿ, ಕೆಳಗಿನ ಮನೆಯ ಸೀಲಿಂಗಿನಿಂದ ಹೊರಗೆ ಬರುತ್ತದೆ. ಮಗಳಿಗೆ ಮೇಲೆ ಬೆಂಚು ಬಡಿಯಲು ಹೇಳಿ, ನಾನು ಕೆಳಗಿನ ಮನೆಯಲ್ಲಿ ಕೂತು ಕೇಳಿದೆ. ಬಾಲ್ಕನಿಯ ಹೊರ ಅಂಚಿನಲ್ಲಿ ಬೆಂಚು ಇದ್ದಾಗ ಪೆಟ್ಟು ಚೆನ್ನಾಗಿ ಕೇಳಿಸಿತು. ಗೋಡೆಗೆ ತಾಗಿಸಿ, ಕೆಳಗೆ ಬೀಮ್ ಇರುವ ಕಡೆ ಇಟ್ಟಾಗ ಕಡಿಮೆಯಾಯಿತು. ಕಾಲುಗಳ ಕೆಳಗೆ ಜಿಮ್ಮಿನಲ್ಲಿ ಹಾಸುವ ದಪ್ಪ ರಬ್ಬರ್ ಮ್ಯಾಟಿನ ತುಂಡು ಎರಡೆರಡು ಪದರ ಕೊಟ್ಟ ಮೇಲೆ ಇನ್ನೂ ಇಳಿಯಿತು. ನಿಮ್ಮ ಕೆಳಮನೆಯವರನ್ನು ಕೇಳಿ ಈ ಪರೀಕ್ಷೆ ಖಂಡಿತ ಮಾಡಿ. ಇದರಿಂದ ಅವರಿಗೂ ನಿಮ್ಮ ಕೆಲಸ ಏನೆಂದು ಗೊತ್ತಾಗುತ್ತದೆ.

ಬೆಂಚಿನ ಮೇಲ್ಭಾಗಕ್ಕೆ 18 ಮಿ.ಮೀ. ಪ್ಲೈವುಡ್ಡಿನ ಎರಡು ಹಲಗೆ ಅಂಟಿಸಿದ್ದೇನೆ. ಅಳತೆ ಕೊಟ್ಟರೆ ಪ್ಲೈವುಡ್ ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಾರೆ. ಕಾಲುಗಳಿಗೆ ಹಳೆಯ ಬಾಗಿಲ ಚೌಕಟ್ಟಿನ ಮರ. ಕೆಳಗಿನ ಅಡ್ಡಹಲಗೆಯ ಮೇಲೆ ಮರದ ತುಂಡುಗಳನ್ನು ಪೇರಿಸಿದ್ದೇನೆ. ಆ ಭಾರ ಇರುವುದರಿಂದ ಕೀಸುಳಿ ತಳ್ಳಿದಾಗ ಬೆಂಚು ಜರುಗುವುದಿಲ್ಲ. ಎತ್ತರ ಎಷ್ಟು? ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಷ್ಟು. ನಮ್ಮ ಹಳೆಯ ಬಡಗಿಗಳು ನೆಲದ ಮೇಲೆ ಕೂತು, ಮರವನ್ನು ಕಾಲಿನಲ್ಲಿ ಅದುಮಿ ಹಿಡಿದು ಕೆಲಸ ಮಾಡುತ್ತಿದ್ದರು. ಮಂಡಿ ಗಟ್ಟಿ ಇರುವವರಿಗೆ ಬೆಂಚೇ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಉಳಿ ನಿಜವಾಗಿ ಹರಿತವಾಗಿದ್ದರೆ ಕೊಡತಿ ಬೇಕಾಗುವುದೇ ಅಪರೂಪ. ಸ್ಟೂಲಿನ ಕಾಲಿಗೆ ಚೌಕ ತೂತು ಬೇಕೆಂದರೆ ಡ್ರಿಲ್ಲಿನಲ್ಲಿ ಮರವನ್ನು ತೆಗೆದು, ಉಳಿದ ಗೋಡೆಗಳನ್ನು ಎರಡೂ ಕೈಯಿಂದ ಉಳಿ ಒತ್ತಿ ಸವರುತ್ತೇನೆ. ಪೆಟ್ಟೇ ಇಲ್ಲ. ಆದ್ದರಿಂದ ದುಡ್ಡು ಹಾಕುವುದಿದ್ದರೆ ಮೊದಲು ಸಾಣೆಕಲ್ಲಿಗೆ ಹಾಕಿ.

ಅಂಗಡಿಯಿಂದ ತಂದ ಉಳಿಯ ಬೆನ್ನು ಸಾಮಾನ್ಯವಾಗಿ ಸಪಾಟಾಗಿ ಇರುವುದಿಲ್ಲ. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಅಂಟಿಸಿ, ಬಾಯಿಯ ಹತ್ತಿರದ ಒಂದು ಇಂಚು ಒಂದೇ ಸಮನೆ ಹೊಳೆಯುವವರೆಗೆ ಉಜ್ಜಿ. ಆಮೇಲೆ ಇಳಿಜಾರಿನ ಕಡೆಯನ್ನು 25ರಿಂದ 30 ಡಿಗ್ರಿಯಲ್ಲಿ ಹಿಡಿದು 1000 ನಂಬರಿನ ಕಲ್ಲಿನ ಮೇಲೆ ಮಸೆಯಿರಿ. ಬೆನ್ನಿನ ಕಡೆಯಿಂದ ಅಂಚಿನ ಹೊರಗೆ ಬೆರಳು ಸವರಿದರೆ ಸಣ್ಣ ಮುರುಗು, ಅಂದರೆ ಮಸೆದಾಗ ಆ ಕಡೆಗೆ ಮಡಿಚಿಕೊಂಡ ಲೋಹದ ತೆಳು ಅಂಚು, ತಗಲುತ್ತದೆ. ಅದು ಅಂಚಿನ ಈ ತುದಿಯಿಂದ ಆ ತುದಿಯವರೆಗೂ ಎದ್ದಿರಬೇಕು. ಎಲ್ಲಿ ತಗಲುವುದಿಲ್ಲವೋ ಅಲ್ಲಿ ಕಲ್ಲು ಇನ್ನೂ ಅಂಚನ್ನು ಮುಟ್ಟಿಲ್ಲ. ನಂತರ ಇನ್ನೂ ನಯವಾದ 6000 ನಂಬರಿನ ಕಲ್ಲು. ಕೊನೆಗೆ ಹಳೆಯ ಬೆಲ್ಟಿನ ಚರ್ಮಕ್ಕೆ ಲೋಹ ಹೊಳಪಿಸುವ ಹಸಿರು ಪಾಲಿಶ್ ಬಳಿದು, ಅದರ ಮೇಲೆ ಹಿಂದಕ್ಕೆ ಎಳೆಯುವುದು. ಪರೀಕ್ಷೆಗೆ ಪೈನ್ ಪ್ಯಾಕಿಂಗ್ ಪೆಟ್ಟಿಗೆಯ ಒಂದು ತುಂಡು ತೆಗೆದುಕೊಂಡು ಅದರ ಅಡ್ಡ ಕೊಯ್ದ ತುದಿಯನ್ನು ಸವರಿ. ಪೈನ್ ಮೆತ್ತಗಿರುವುದರಿಂದ ಮೊಂಡು ಉಳಿಗೆ ನಾರು ಹಿಸುಕಿ ಬಿಳಿಚಿಕೊಳ್ಳುತ್ತದೆ. ಹರಿತವಾದ ಉಳಿ ಮೇಣದಂತೆ ನುಣುಪಾದ ಮುಖ ಬಿಡುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಅಂಚು ಬೇಗ ಸವೆಯುತ್ತದೆ. ತೇಗದ ಕೆಲಸ ಇದ್ದ ದಿನ ಕಲ್ಲನ್ನು ಬೆಂಚಿನ ಮೇಲೇ ಇಟ್ಟುಕೊಂಡಿರುತ್ತೇನೆ.

ಧೂಳಿನ ವಿಷಯದಲ್ಲೂ ಹರಿತವೇ ಕಾಪಾಡುತ್ತದೆ. ಕೀಸುಳಿಯಿಂದ ಬರುವುದು ಸುರುಳಿ ಸುರುಳಿ ಚಕ್ಕೆ, ಪೊರಕೆಯಲ್ಲಿ ಗುಡಿಸಿದರೆ ಮುಗಿಯಿತು. ಮರಳು ಕಾಗದದ ನುಣ್ಣನೆ ಹುಡಿ ಮಾತ್ರ ಕೆಟ್ಟದ್ದು. ಮನೆಯೊಳಗೆ ತೇಲಿ ಹೋಗುತ್ತದೆ, ಪಕ್ಕದ ಮನೆಯ ಒಣಗಿದ ಬಟ್ಟೆ ಮೇಲೂ ಕೂರುತ್ತದೆ. ಮರದ ಹುಡಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಹೇಳಿದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಕೀಸುಳಿ ಆದ ಮೇಲೆ ಸ್ಕ್ರೇಪರ್ ಬಳಸುತ್ತೇನೆ. ಅಂಚಿಗೆ ಮುರುಗು ಎಬ್ಬಿಸಿದ ತೆಳು ಉಕ್ಕಿನ ತಗಡು ಅದು, ಅಷ್ಟೇ. ಮರಳು ಕಾಗದ ಬೇಕೇ ಬೇಕಾದರೆ ಎನ್95 ಮಾಸ್ಕ್ ಹಾಕಿ, ಮರಕ್ಕೆ ಎಣ್ಣೆ ಹಚ್ಚಿ ಒದ್ದೆಯಾಗಿಯೇ ಉಜ್ಜುತ್ತೇನೆ.

ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋಗುತ್ತೇನೆ. ಕಲಿಯುವವರಿಗೆ ಸಿಲ್ವರ್ ಓಕ್ ಒಳ್ಳೆಯದು, ಅಗ್ಗ. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುತ್ತಾರಲ್ಲ, ಅದೇ ಮರ. ಹಳೆಯ ಬಾಗಿಲು ಕಿಟಕಿಗಳ ಮರ ತಂದರೆ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಬಿದ್ದಿದೆ ಅಂತ. ಅಂಥದ್ದನ್ನು ಮನೆಗೆ ತರಲೇಬೇಡಿ.

ಪಾಲಿಶ್‌ಗೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು ನನಗೆ ತುಂಬ ಇಷ್ಟ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣದ ಹೊಳಪು ಕೊಡುವುದೂ ಅರಗೇ. ಬೇಗ ಒಣಗುತ್ತದೆ, ವಾಸನೆ ಮನೆಯಲ್ಲಿ ಉಳಿಯುವುದಿಲ್ಲ. ಹಚ್ಚುವಾಗ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿರಬಾರದು. ಅಗಸೆ ಎಣ್ಣೆ ಬಳಸುವವರು ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಒಣಗುತ್ತಾ ಅದು ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮಳೆಗಾಲದಲ್ಲಿ ಬಾಲ್ಕನಿಗೆ ಎರಚಲು ಜಾಸ್ತಿ. ಉಪಕರಣಗಳೆಲ್ಲ ಒಳಗೆ ಟ್ರಂಕಿನಲ್ಲಿ, ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯ ಜೊತೆ ಇರುತ್ತವೆ.

ಒಂದು ಕೆಲಸ ಮಾತ್ರ ಫ್ಲ್ಯಾಟಿನಲ್ಲಿ ಆಗುವುದಿಲ್ಲ: ದಪ್ಪ ದಿಮ್ಮಿಯನ್ನು ಸೀಳಿ ಹಲಗೆ ಮಾಡುವುದು. ಅದನ್ನು ಮಿಲ್ಲಿನಲ್ಲೇ ಮಾಡಿಸುತ್ತೇನೆ. ಬೇಕಾದ ದಪ್ಪಕ್ಕಿಂತ 3 ಮಿ.ಮೀ. ಜಾಸ್ತಿ ಬಿಡಲು ಹೇಳಿ, ತಂದ ಮೇಲೆ ಕೆಲವು ವಾರ ಮನೆಯೊಳಗೆ ಹಲಗೆಗಳ ನಡುವೆ ಮರದ ಪಟ್ಟಿ ಕೊಟ್ಟು ಪೇರಿಸಿಡುತ್ತೇನೆ. ಮರ ಎಷ್ಟು ಬಾಗಬೇಕೋ ಅಷ್ಟು ಬಾಗಿ ನಿಂತ ಮೇಲೆ ಆ 3 ಮಿ.ಮೀ. ಕೀಸುಳಿಗೆ ಸಿಗುತ್ತದೆ.