ಸ್ಪರ್ಧೆಗೆ ಹೆಸರು ಕೊಡುವ ಮೊದಲು ಒಂದು ಚೀಲ ಮಾರಿ

ನಾನು ಬಳ್ಳಾರಿಯಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಸಾಮಾಜಿಕ ಉದ್ಯಮದ ಸ್ಪರ್ಧೆಗೆ ಐಡಿಯಾ ಇದೆ ಅಂತ ವಿದ್ಯಾರ್ಥಿಗಳು ಬಂದರೆ ಮೊದಲು ಕೇಳುವುದು ಇಷ್ಟೇ: ಇದಕ್ಕೆ ದುಡ್ಡು ಕೊಡೋರು ಯಾರು? ದಾನಿಗಳು ಅಂದರೆ ಅದು ಸೇವೆ. ಒಳ್ಳೆಯ ಕೆಲಸವೇ, ಆದರೆ ಇಲ್ಲಿ ತೀರ್ಪುಗಾರರು ನೋಡುವುದು ಬೇರೆ. ಜನರ ಕಷ್ಟ ಕಡಿಮೆಯಾಗಬೇಕು, ವ್ಯಾಪಾರವೂ ತನ್ನ ದುಡಿಮೆಯಿಂದಲೇ ನಡೆಯಬೇಕು.

ಐಡಿಯಾ ಹುಡುಕಲು ದೂರ ಹೋಗಬೇಡಿ. ಕೊಪ್ಪಳದವರಿಗೆ ಕಿನ್ನಾಳದ ಗೊಂಬೆ ಮಾಡುವ ಚಿತ್ರಗಾರರಿದ್ದಾರೆ. ರಾಯಚೂರಿನವರಿಗೆ ಅಕ್ಕಿ ಗಿರಣಿಯ ಹೊಟ್ಟು ಇದೆ. ನಮ್ಮೂರಲ್ಲಿ ಜೀನ್ಸ್. ಬಟ್ಟೆ ಕತ್ತರಿಸಿದ ಮೇಲೆ ಉಳಿಯುವ ಚೂರುಗಳಿಂದ ಚೀಲ ಹೊಲಿಸಬೇಕು ಅನ್ನಿ. ಸ್ಲೈಡ್ ಮಾಡಲು ಕೂರಬೇಡಿ, ಮೊದಲು ಹೊಲಿಯುವ ಅಕ್ಕಂದಿರ ಮನೆಗೆ ಹೋಗಿ. ‘ನಮ್ಮ ಐಡಿಯಾ ಹೇಗಿದೆ ಅಕ್ಕಾ?’ ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಮನೆಗೆ ಬಂದ ಮಕ್ಕಳ ಮನಸ್ಸು ನೋಯಿಸುವವರು ಯಾರು? ಅದರ ಬದಲು, ಹೋದ ತಿಂಗಳು ಎಷ್ಟು ದಿನ ಕೆಲಸ ಇರಲಿಲ್ಲ, ಒಂದು ಪೀಸಿಗೆ ಎಷ್ಟು ಸಿಕ್ಕಿತು, ದುಡ್ಡು ಯಾವಾಗ ಕೈಗೆ ಬಂತು ಅಂತ ಕೇಳಿ. ಅವರು ಹೇಳಿದ ಮಾತಲ್ಲೇ ಬರೆದುಕೊಳ್ಳಿ.

ಆಮೇಲೆ ಲೆಕ್ಕ. ಚೀಲ 120 ರೂಪಾಯಿಗೆ ಹೋಗುತ್ತದೆ ಅಂದುಕೊಳ್ಳಿ. ಹೊಲಿಗೆಗೆ 40, ಜಿಪ್ಪು, ದಾರ, ಒಳಬಟ್ಟೆಗೆ 25, ಅಂಗಡಿಯವರಿಗೆ 30. ಉಳಿಯುವುದು 25. ಆಟೋ ಬಾಡಿಗೆ, ಕೆಟ್ಟುಹೋದ ಪೀಸು ಎಲ್ಲ ಅದರಲ್ಲೇ. ಸಾಲಲಿಲ್ಲ ಅಂದರೆ ಹೊಲಿಗೆಯ 40ಕ್ಕೆ ಮಾತ್ರ ಕೈ ಹಾಕಬೇಡಿ. ಅದನ್ನು ಕಡಿಮೆ ಮಾಡಿದರೆ ನೀವು ಯಾರಿಗಾಗಿ ಹೊರಟಿದ್ದೀರೋ ಅವರಿಗೇ ನಷ್ಟ, ಅಲ್ವಾ? ಬೆಲೆ ಏರಿಸಿ, ಇಲ್ಲವೇ ಅಂಗಡಿ ಬಿಟ್ಟು ನೇರವಾಗಿ ಮಾರಿ.

ಈಗ ಒಂದಿಷ್ಟು ಚೀಲ ಹೊಲಿಸಿ, ನಿಮ್ಮ ಗುರುತಿಲ್ಲದವರಿಗೆ ಮಾರಿ. ಗೆಳೆಯರು ಕೊಂಡದ್ದು ಲೆಕ್ಕಕ್ಕಿಲ್ಲ. ಬೇಡ ಅಂದವರ ಕಾರಣವನ್ನೂ ಬರೆದಿಡಿ. ಸುಮ್ನೆ ಹತ್ತು ಸ್ಲೈಡ್ ತೋರಿಸುವುದಕ್ಕಿಂತ ಈ ಕಾಗದಕ್ಕೆ ಬೆಲೆ ಜಾಸ್ತಿ.

ಯಾವ ಸ್ಪರ್ಧೆ ಅನ್ನುವುದು ಆಮೇಲಿನ ಮಾತು. ಹಲ್ಟ್ ಪ್ರೈಜ್ ದೊಡ್ಡದು, ಜಗತ್ತಿನ ಎಲ್ಲ ಕಡೆಯ ವಿದ್ಯಾರ್ಥಿ ತಂಡಗಳು ಬರುತ್ತವೆ, ಗೆದ್ದವರಿಗೆ 10 ಲಕ್ಷ ಡಾಲರ್. ಎನಾಕ್ಟಸ್ ಅನ್ನುವುದು 1975ರಲ್ಲಿ ಅಮೆರಿಕದಲ್ಲಿ ಶುರುವಾದ ವಿದ್ಯಾರ್ಥಿಗಳ ಸಂಸ್ಥೆ, ಅದೂ ಸ್ಪರ್ಧೆ ನಡೆಸುತ್ತದೆ. ಅದರಲ್ಲಿ ಐಡಿಯಾ ಹೇಳಿದರೆ ಸಾಲದು, ಊರಲ್ಲಿ ಮಾಡಿದ ಕೆಲಸವನ್ನೇ ತೋರಿಸಬೇಕು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಹತ್ತಿರದ ಕಾಲೇಜುಗಳ ಸ್ಪರ್ಧೆಯನ್ನೇ. ಖರ್ಚು ಕಡಿಮೆ, ಪ್ರಶ್ನೆಗಳು ಮಾತ್ರ ಅವೇ.

ವೇದಿಕೆಯಲ್ಲಿ ಮಾತು ಇಂಗ್ಲಿಷಿನಲ್ಲಿ ಇರಬಹುದು. ತಯಾರಿ ಕನ್ನಡದಲ್ಲೇ ಮಾಡಿ, ಆಗ ಯಾವ ಮಾತು ಟೊಳ್ಳು ಅಂತ ಬೇಗ ಗೊತ್ತಾಗುತ್ತದೆ. ಪ್ರಶ್ನೆ ಬಂದಾಗ, ಆ ಅಕ್ಕಂದಿರ ಮನೆಗೆ ಹೋಗಿ ಬಂದವರೇ ಉತ್ತರ ಕೊಡಲಿ, ಅವರ ಇಂಗ್ಲಿಷ್ ತಡವರಿಸಿದರೂ ಸರಿ.