ಟಿಕೆಟ್ ರೋಲಿನ ಚೂರು, 15 ಯಾತ್ರಾಗೀತೆ

ನಾನು ಸಾರಿಗೆ ಬಸ್ಸಿನ ಕಂಡಕ್ಟರ್. ಕೆಲಸಕ್ಕೆ ಸೇರಿ 16 ವರ್ಷ ಆಯಿತು. ಬಹಳ ಕಾಲ ಹುಬ್ಬಳ್ಳಿ–ಗದಗ ರೂಟಿನಲ್ಲೇ ಇದ್ದೆ, ಈಗ ವಾರದಲ್ಲಿ ಮೂರು ರಾತ್ರಿ ಡಂಬಳದ ಕಡೆಯ ಒಂದು ಹಳ್ಳಿಯಲ್ಲಿ ಹಾಲ್ಟ್. ಮೊನ್ನೆ ಪ್ರಾರ್ಥನಾ ಕೂಟದಲ್ಲಿ ಒಬ್ಬ ಹುಡುಗ ಕೇಳಿದ, "ಅಂಕಲ್, ಇಷ್ಟು ಗದ್ದಲದ ಕೆಲಸದಾಗ ನಿಮಗ ಪ್ರಾರ್ಥನಾ ಹೆಂಗ ಆಗ್ತೈತ್ರಿ?" ಆವತ್ತು ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಗದೇ ಹೋದದ್ದನ್ನು ಹೇಳಿಬಿಡುತ್ತೇನೆ.

ನಮ್ಮದು ಬೆಟಗೇರಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ ದಾಟಿ ಬೆಟಗೇರಿಯವರೆಗೂ ಬಂದರು. ನಮ್ಮ ಮನೆತನ ಅವತ್ತಿನಿಂದಲೂ ಕ್ರೈಸ್ತ ಸಭೆಯಲ್ಲಿದೆ ಅಂತ ಅಜ್ಜ ಹೇಳುತ್ತಿದ್ದರು. ಅಜ್ಜ ಮಗ್ಗದವರು. ಸಂಜೆ ಮಗ್ಗ ನಿಲ್ಲಿಸಿ ಕೈಕಾಲು ತೊಳೆದು ಬಂದರೆ ಮನೆ ಪ್ರಾರ್ಥನೆ. ಒಂದು ಹಾಡು, ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಅದು ಮುಗಿಯದೆ ಊಟ ಇಲ್ಲ. ಹಾಗಾಗಿ ನನಗೆ ಇವತ್ತಿಗೂ ಆಮೆನ್ ಅಂದರೆ ಜೋಳದ ರೊಟ್ಟಿಯ ವಾಸನೆ ಬರುತ್ತದೆ.

ಅಜ್ಜನ ಮಗ್ಗಕ್ಕೆ ಒಂದು ಹೊತ್ತು ಇತ್ತು. ನನ್ನ ಬಸ್ಸಿಗೆ ಇಲ್ಲ. ಯೂತ್ ಕ್ಯಾಂಪಿನಲ್ಲಿ ನಮಗೆ ಕಲಿಸಿದ್ದು ಬೆಳಗಿನ ಜಾವ ಎದ್ದು ಒಂದು ತಾಸು ದೇವರ ಮುಂದೆ ಕೂತುಕೊಳ್ಳಬೇಕು ಅಂತ. ಒಳ್ಳೆಯ ಮಾತೇ. ಆದರೆ ಫಸ್ಟ್ ಬಸ್ ಐದೂಕಾಲಿಗೆ ಬಿಡುವವನು ಎಷ್ಟು ಹೊತ್ತಿಗೆ ಏಳಬೇಕು? ಎದ್ದು ಕೂತರೂ ಬೈಬಲ್ ಮೇಲೆ ತೂಕಡಿಸುತ್ತಿದ್ದೆ. ಆಮೇಲೆ ಮೊಬೈಲಿನಲ್ಲಿ ವರ್ಷಕ್ಕೊಂದು ಸಲ ಬೈಬಲ್ ಓದಿ ಮುಗಿಸುವ ಪಟ್ಟಿ ಹಾಕಿಕೊಂಡೆ. ಎರಡು ವರ್ಷ ಮೂರನೇ ಪುಸ್ತಕ ಯಾಜಕಕಾಂಡದಲ್ಲೇ ನಿಂತೆ. ಇದನ್ನು ಓದುವವರಲ್ಲಿ ಅರ್ಧ ಜನ ಅಲ್ಲೇ ನಿಂತಿರುತ್ತಾರೆ, ನನಗೆ ಗೊತ್ತು. ತಪ್ಪಿದ ದಿನಗಳೆಲ್ಲ ಮೊಬೈಲಿನಲ್ಲಿ ಕೆಂಪಗೆ ಕಾಣುತ್ತಿದ್ದವು, ಬಾಕಿ ವಸೂಲಿ ನೋಟಿಸಿನ ಹಾಗೆ. ಕಡೆಗೆ ಬೈಬಲ್ ಅಂದರೇನೇ ಮೈ ಭಾರ ಆಗುವಂತಾಯಿತು. ಸಂತೋಷದ ಮಾತು ದೂರವೇ ಉಳಿಯಿತು.

ದಾರಿ ತೋರಿಸಿದ್ದು ನನ್ನ ಡ್ರೈವರ್. ಅವರು ಮುಸಲ್ಮಾನರು, ನನಗಿಂತ ಹಿರಿಯರು, ಭಾಯ್ ಅಂತಲೇ ಕರೆಯುತ್ತೇನೆ. ಗದಗ ಸ್ಟ್ಯಾಂಡಿನಲ್ಲಿ ಬಸ್ ನಿಲ್ಲಿಸಿ, ಮುಖ ತೊಳೆದು, ಮೂಲೆಯಲ್ಲಿ ಟವೆಲ್ ಹಾಸಿ ನಮಾಜ್ ಮುಗಿಸಿ ಬರುತ್ತಿದ್ದರು. ಹತ್ತು ನಿಮಿಷ, ಅಷ್ಟೇ. ಬಸ್ ಲೇಟಾಗಿದ್ದರೆ ಆರು. ಒಂದು ದಿನ ಚಹಾ ಕುಡಿಯುತ್ತಾ, "ನಿಮ್ಮೊಳಗ ಹಿಂಗ ಹೊತ್ತು ಇಲ್ಲೇನು?" ಅಂತ ಸುಮ್ನೆ ಕೇಳಿದರು. ಇದೆ ಅಂದೆ. ಬೈಬಲಿನ ದಾನಿಯೇಲ ದಿನಕ್ಕೆ ಮೂರು ಸಲ ಕಿಟಕಿ ತೆರೆದು ಮೊಣಕಾಲೂರುತ್ತಿದ್ದ, 119ನೇ ಕೀರ್ತನೆ ಬರೆದವನು ಏಳು ಸಲ ಅನ್ನುತ್ತಾನೆ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆ ಆಯಿತು. ನಾನು ಒಂದು ತಾಸು ಸಿಗಲಿಲ್ಲ ಅಂತ ಹತ್ತು ನಿಮಿಷವನ್ನೂ ಬಿಟ್ಟು ಕೂತಿದ್ದೆ.

ಅದೇ ವಾರ ಹಾಲ್ಟ್ ರಾತ್ರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿ, ಮೊಬೈಲ್ ಬೆಳಕಿನಲ್ಲಿ ಆ 119ನೇ ಕೀರ್ತನೆ ಓದಲು ಹೋದೆ. 176 ವಚನ. ಅರ್ಧಕ್ಕೇ ಸಾಕಾಗಿ ಪುಟ ಸರಿಸಿದೆ. ಮುಂದಿನದು 120, ಚಿಕ್ಕದು, ಮೇಲೆ ಯಾತ್ರಾಗೀತೆ ಅಂತ ಬರೆದಿತ್ತು. 121ರ ಮೇಲೂ ಅದೇ. 134ರವರೆಗೆ ಹಾಗೇ. ಒಟ್ಟು 15. ಹಬ್ಬಕ್ಕೆ ಯೆರೂಸಲೇಮಿಗೆ ಹೋಗುವವರು ದಾರಿಯಲ್ಲಿ ಹಾಡುತ್ತಿದ್ದ ಹಾಡುಗಳು ಅಂತ ನಮ್ಮ ಸಭಾಪಾಲಕರು ಯಾವಾಗಲೋ ಹೇಳಿದ್ದು ನೆನಪಾಯಿತು. ಅಂದರೆ ಪ್ರಯಾಣಿಕರ ಹಾಡು! ನನ್ನ ಜನರದ್ದೇ ಅಲ್ವಾ? ಕೂತು ವಚನಗಳನ್ನು ಎಣಿಸಿದೆ, ಎಣಿಸೋದು ನನ್ನ ಚಟ. ಸರಿಯಾಗಿ 101. ಮದುವೆಗೆ ಮುಯ್ಯಿ ಹಾಕಿದ ಹಾಗಿತ್ತು.

ಮಾಡಿದ್ದು ಇಷ್ಟು. ಟಿಕೆಟ್ ಮಷೀನಿನ ರೋಲ್ ಮುಗಿಯುತ್ತಾ ಬಂದಾಗ ಅಂಚಿನಲ್ಲಿ ಕೆಂಪು ಗೆರೆ ಕಾಣುತ್ತದೆ, ರೋಲ್ ಬದಲಿಸಿದಾಗ ಗೇಣುದ್ದ ಚೂರು ಉಳಿಯುತ್ತದೆ. ಅದರ ಹಿಂದೆ ಬಾಲ್‌ಪೆನ್ನಿನಲ್ಲಿ ಒಂದು ಕೀರ್ತನೆಯಿಂದ ಎರಡು ಸಾಲು ಬರೆದು ಅಂಗಿ ಜೇಬಿಗೆ ಹಾಕಿಕೊಂಡೆ. ಬೆವರಿಗೆ ಟಿಕೆಟ್ಟಿನ ಅಚ್ಚು ಅಳಿಸುತ್ತದೆ, ಪೆನ್ನು ಉಳಿಯುತ್ತದೆ. ವಾರಕ್ಕೆ ಒಂದೇ ಕೀರ್ತನೆ. ಡಿಪೋದಿಂದ ಬಸ್ ಹೊರಡುವಾಗ ಒಮ್ಮೆ, ಟ್ರಿಪ್ ತಿರುಗುವ ಕಡೆ ಒಮ್ಮೆ, ರಾತ್ರಿ ಕ್ಯಾಶ್ ಕಟ್ಟುವ ಮುಂಚೆ ಒಮ್ಮೆ. ಬಾಯಿಪಾಠ ಮಾಡುವ ಹಟ ಇಲ್ಲ, ವಾರ ಮುಗಿಯುವಷ್ಟರಲ್ಲಿ ಅದಾಗಿಯೇ ಬಾಯಿಗೆ ಬರುತ್ತದೆ. 15 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ಮೂರು ಸುತ್ತು. ಹಳೇ ಇಸ್ರಾಯೇಲಿನಲ್ಲಿ ವರ್ಷಕ್ಕೆ ಮೂರು ಸಲ ಹಬ್ಬಕ್ಕೆ ಹೋಗಬೇಕು ಅಂತಲೇ ನಿಯಮ ಇತ್ತು, ಇದು ನಾನು ಲೆಕ್ಕ ಹಾಕಿದ ಮೇಲೆ ಗಮನಕ್ಕೆ ಬಂತು. ಉಳಿಯುವ ಏಳು ವಾರ ಲೆಂಟ್ ಕಾಲಕ್ಕೆ, ಅಂದರೆ ಈಸ್ಟರ್ ಮುಂಚಿನ ಉಪವಾಸದ ದಿನಗಳಿಗೆ. ಆಗ ಮಾರ್ಕನ ಸುವಾರ್ತೆ, ಅದು 16 ಅಧ್ಯಾಯ, ನಿಧಾನವಾಗಿ ಓದಿದರೂ ಮುಗಿಯುತ್ತದೆ.

ಶುರುವಾದ ವಾರವೇ ನಗು ಬಂತು. 120ರಲ್ಲಿ ಒಬ್ಬ ಗೋಳಾಡುತ್ತಾನೆ. ನಾನು ಸಮಾಧಾನ ಬೇಕು ಅನ್ನುವವನು, ಬಾಯಿ ತೆರೆದರೆ ಇವರು ಜಗಳಕ್ಕೇ ಬರುತ್ತಾರೆ ಅಂತ. ಇದು ಚಿಲ್ಲರೆ ಜಗಳ! ಅಣ್ಣಿಗೇರಿಯಲ್ಲಿ ಹತ್ತಿ 500ರ ನೋಟು ಚಾಚುವವರ ಮುಂದೆ ನಿಂತಾಗೆಲ್ಲ ಈ ಸಾಲು ಬರುತ್ತಿತ್ತು, ನಗು ಬಂದರೆ ಬೈಗುಳ ಅರ್ಧ ಕಡಿಮೆ ಆಗುತ್ತಿತ್ತು. ಪೂರ್ತಿ ನಿಂತಿತು ಅಂತ ಹೇಳಲಾರೆ. 121 ಹಾಲ್ಟ್ ಹಳ್ಳಿಗೆ ಸರಿಯಾಗಿ ಕೂತಿತು. ಬೆಳಗ್ಗೆ ಬಸ್ ಬಾಗಿಲು ತೆರೆದರೆ ಎದುರಿಗೆ ಕಪ್ಪತಗುಡ್ಡ, ಮೇಲೆ ಗಾಳಿ ಫ್ಯಾನುಗಳು. ಸಹಾಯ ಬರುವುದು ಗುಡ್ಡದಿಂದಲ್ಲ, ಗುಡ್ಡ ಮಾಡಿದವನಿಂದ ಅನ್ನುವುದು ಆ ಕೀರ್ತನೆಯ ಸಾರ. ಹೋಗುವಾಗಲೂ ಬರುವಾಗಲೂ ಕಾಯುತ್ತಾನೆ ಅಂತ ಅದರ ಕೊನೆಯ ಮಾತು. ಅಪ್ ಟ್ರಿಪ್, ಡೌನ್ ಟ್ರಿಪ್, ಎರಡಕ್ಕೂ.

123ನೇ ಕೀರ್ತನೆಯ ವಾರ ಮಾತ್ರ ನಾನು ಮರೆಯುವುದಿಲ್ಲ. ಜೂನ್ 2023ರಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಬಂದಿತ್ತಲ್ಲ, ಆ ಹೊಸತರಲ್ಲಿ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ಪ್ರತಿಯೊಬ್ಬರ ಕಾರ್ಡ್ ನೋಡಿ ಶೂನ್ಯ ಟಿಕೆಟ್ ಹರಿದು ಕೊಡಬೇಕು, ಅಷ್ಟರಲ್ಲಿ ಮುಂದಿನ ಸ್ಟಾಪ್ ಬಂದಿರುತ್ತದೆ. ಹುಲಕೋಟಿಯಲ್ಲಿ ಹತ್ತಿದ ಒಬ್ಬ ಮುದುಕಿ ಹತ್ತಿರ ಆಧಾರ್ ಇರಲಿಲ್ಲ. "ಮನ್ಯಾಗ ಬಿಟ್ಟು ಬಂದೇನೋ ತಮ್ಮಾ" ಅಂದಳು. ನಾನು ಬಸ್ಸೆಲ್ಲ ಕೇಳುವ ಹಾಗೆ ಗದರಿದೆ. ಆಕೆ ಸೆರಗಿನ ಗಂಟು ಬಿಚ್ಚಿ ರೊಕ್ಕ ಎಣಿಸಿ ಕೊಟ್ಟಳು, ಮತ್ತೆ ಮಾತಾಡಲಿಲ್ಲ. ನಿಯಮ ನನ್ನ ಕಡೆಗೇ ಇತ್ತು. ರಾತ್ರಿ ಕ್ಯಾಶ್ ಕಟ್ಟುವ ಮುಂಚೆ ಜೇಬಿನ ಚೂರು ತೆಗೆದರೆ, ತಿರಸ್ಕಾರ ಉಂಡು ಉಂಡು ಸಾಕಾಗಿದೆ ಕರ್ತನೇ ಅನ್ನುವ ಅರ್ಥದ ಸಾಲು. ಅದು ನನ್ನ ಬಾಯಿಯ ಪ್ರಾರ್ಥನೆ ಆಗಿರಲಿಲ್ಲ, ಆ ಮುದುಕಿಯದ್ದು. ವೇಬಿಲ್, ಅಂದರೆ ದಿನದ ಟಿಕೆಟ್ ಪಟ್ಟಿಯ ಲೆಕ್ಕ, ಒಂದು ರೂಪಾಯಿ ತಪ್ಪಿಲ್ಲದೆ ಬಂತು. ನಾನು ಮಾತ್ರ ಡಿಪೋ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಆಮೇಲೆ ಹುಲಕೋಟಿ ಬಂದಾಗೆಲ್ಲ ಆಕೆಗಾಗಿ ನೋಡುತ್ತಿದ್ದೆ. ಸಿಗಲಿಲ್ಲ.

ಕಷ್ಟದ ಕೀರ್ತನೆ ಅಂದರೆ 122. ಯೆಹೋವನ ಮನೆಗೆ ಹೋಗೋಣ ಬಾ ಅಂದಾಗ ಖುಷಿ ಆಯಿತು ಅಂತ ಅದರ ಶುರು. ಭಾನುವಾರ ಡ್ಯೂಟಿ ಬಿದ್ದರೆ ಅದನ್ನು ಓದುವುದೇ ಬೇಡ ಅನ್ನಿಸುತ್ತದೆ. ಹೆಂಡತಿ ಮಕ್ಕಳು ದೇವಾಲಯದಲ್ಲಿ, ನಾನು ನಲವಡಿ ಸ್ಟಾಪಿನಲ್ಲಿ ಸೀಟಿ ಊದುತ್ತಾ. ಇದಕ್ಕೆ ನನ್ನ ಹತ್ತಿರ ಉಪಾಯ ಏನೂ ಇಲ್ಲ. ಬಸ್ಸೇ ದೇವಾಲಯ ಅಂತ ಕೆಲವರು ಹೇಳುತ್ತಾರೆ, ಚೆನ್ನಾಗಿ ಕೇಳಿಸುತ್ತದೆ, ಆದರೆ ಬಸ್ಸಿನಲ್ಲಿ ಕರ್ತನ ಭೋಜನ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸ, ಸಿಗುವುದಿಲ್ಲ. ತಿಂಗಳಿಗೆ ಒಂದು ಭಾನುವಾರವಾದರೂ ರಜೆ ಸಿಗುವ ಹಾಗೆ ಬೇರೆ ಕಂಡಕ್ಟರ್ ಜೊತೆ ಡ್ಯೂಟಿ ಬದಲಿಸಿಕೊಳ್ಳುತ್ತೇನೆ. ಅವರ ಜಾತ್ರೆ, ಹಬ್ಬದ ದಿನ ಅವರ ಡ್ಯೂಟಿಗೆ ನಾನು ಹೋಗುತ್ತೇನೆ.

ಇನ್ನು ಆ ಹುಡುಗ ಕೇಳದೆ ಬಿಟ್ಟ ಪ್ರಶ್ನೆ, ಸಂತೋಷದ್ದು. ಕಳೆದ ವರ್ಷ ಬಿತ್ತನೆ ಹೊತ್ತಿನಲ್ಲಿ 126 ನಡೆಯುತ್ತಿತ್ತು, ಅಳುತ್ತಾ ಬೀಜ ಹೊತ್ತುಕೊಂಡು ಹೋದವನು ಹಿಗ್ಗುತ್ತಾ ಸಿವುಡು ಹೊತ್ತುಕೊಂಡು ಬರುತ್ತಾನೆ ಅನ್ನುವ ಕೀರ್ತನೆ. ಬಸ್ ತುಂಬ ಹೆಸರು ಬೀಜದ ಚೀಲಗಳು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಎಲ್ಲರ ಮುಖ ಬಿಗಿಯಾಗಿತ್ತು. ಲಗೇಜ್ ಟಿಕೆಟ್ ಕೊಡುತ್ತಾ ಒಬ್ಬೊಬ್ಬರ ಚೀಲ ನೋಡಿ ಮನಸ್ಸಿನಲ್ಲೇ ಅದನ್ನು ಹೇಳಿಕೊಂಡೆ. ಅಷ್ಟೇ ಮಾಡಿದ್ದು. ಮಧ್ಯಾಹ್ನ ಭಾಯ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಏನು, ಇವತ್ತು ಭಾಳ ಹಾಡಾಕತ್ತೀರಿ?" ಅಂದರು. ಹಾಡುತ್ತಿದ್ದದ್ದು ನನಗೇ ತಿಳಿದಿರಲಿಲ್ಲ. ಅಜ್ಜಿ ರೊಟ್ಟಿ ತಟ್ಟುವಾಗ ಹಾಡುತ್ತಿದ್ದ ರಾಗ ಅದು, ಪದ ಅರ್ಧ ಮರೆತಿದೆ. ಮೈ ಹಗುರ ಆಗಿತ್ತು, ಕಾಲು ನೋವು ಇದ್ದೇ ಇತ್ತು, ಚಿಲ್ಲರೆ ಅವತ್ತೂ ಇರಲಿಲ್ಲ. ಹೀಗೆ ವಾರಕ್ಕೆ ಒಂದೆರಡು ಸಲ ಆಗುತ್ತದೆ, ಕೆಲವು ವಾರ ಆಗುವುದೇ ಇಲ್ಲ. ಆಗದ ವಾರವೂ ಚೂರು ಜೇಬಿನಲ್ಲೇ ಇರುತ್ತದೆ.

ಈ ವಾರ 132. ಹದಿನೈದರಲ್ಲಿ ಇದೇ ಉದ್ದ, 18 ವಚನ, ದಾವೀದನ ಹಳೇ ಹರಕೆ ವಿಚಾರ. ಇಷ್ಟು ಸುತ್ತು ಆದರೂ ಇದು ನನಗೆ ಹಿಡಿಯುತ್ತಿಲ್ಲ. ಮುಂದಿನದು 133, ಮೂರೇ ವಚನ, ಅಣ್ಣತಮ್ಮಂದಿರು ಒಂದಾಗಿರುವುದು ಎಷ್ಟು ಚಂದ ಅನ್ನುವುದು. ಅದರ ಚೂರು ಆಗಲೇ ಬರೆದಿಟ್ಟಿದ್ದೇನೆ, ಭಾಯ್‌ಗೂ ಓದಿ ತೋರಿಸಬೇಕು.