ಬುದ್ಧಿಹಲ್ಲು ತೆಗೆಸಿದ ವಾರದ ಊಟ: ಮೆತ್ತಗಿದ್ದರೆ ಸಾಲದು

ಬುದ್ಧಿಹಲ್ಲು ತೆಗೆಸಿಕೊಂಡು ಬಂದವರು ವೈದ್ಯರ ಹತ್ತು ಸೂಚನೆಗಳಲ್ಲಿ ನೆನಪಿಟ್ಟುಕೊಳ್ಳುವುದು 'ಮೆತ್ತಗಿರುವುದನ್ನು ತಿನ್ನಿ' ಎಂಬ ಒಂದನ್ನು ಮಾತ್ರ. ಮದ್ದೂರಿನ ನಮ್ಮ ಭಾವನವರು ಮೈಸೂರಿನಲ್ಲಿ ಹಲ್ಲು ಕೀಳಿಸಿಕೊಂಡು ಊರಿಗೆ ಮರಳುವ ದಾರಿಯಲ್ಲೇ, ಎಳನೀರಿಗಿಂತ ಮೆತ್ತನೆಯದು ಇನ್ನೇನಿದೆ ಎಂದು ಸ್ಟ್ರಾ ಹಾಕಿಸಿಕೊಂಡು ಎರಡು ಬುರುಡೆ ಹೀರಿದರು. ಮೂರನೆಯ ದಿನ ನೋವು ಕಿವಿಯವರೆಗೆ ಏರಿ, ಅದೇ ಕುರ್ಚಿಯಲ್ಲಿ ಮತ್ತೆ ಬಾಯಿ ತೆರೆದು ಕೂರಬೇಕಾಯಿತು. ಎಳನೀರಿನದೇನೂ ತಪ್ಪಿರಲಿಲ್ಲ, ಲೋಟಕ್ಕೆ ಬಗ್ಗಿಸಿ ಕುಡಿದಿದ್ದರೆ ಸಾಕಿತ್ತು.

ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ, ಕೆಳಗಿನ ಮೂಳೆಗೂ ನರದ ತುದಿಗಳಿಗೂ ಮುಚ್ಚಳದಂತೆ ಕೂರುತ್ತದೆ. ಹೀರುವುದು, ಜೋರಾಗಿ ಉಗಿಯುವುದು, ಬೀಡಿ ಸಿಗರೇಟು ಎಳೆಯುವುದು, ಇವುಗಳಲ್ಲಿ ಯಾವುದಾದರೂ ಆ ಮುಚ್ಚಳವನ್ನು ಕಿತ್ತುಬಿಡಬಹುದು. ವೈದ್ಯರು ಡ್ರೈ ಸಾಕೆಟ್ ಎನ್ನುವ ತೊಂದರೆ ಇದೇ. ಆದ್ದರಿಂದ ತಟ್ಟೆಗೆ ಏನು ಬಡಿಸಿದರೂ ಅದು ಮೆತ್ತಗಿದೆಯೇ ಎಂಬುದರ ಜೊತೆಗೆ ಬಿಸಿಯಿದೆಯೇ, ಕಾಳು ಕಡ್ಡಿ ಇದೆಯೇ, ಹೀರಬೇಕಾಗುತ್ತದೆಯೇ ಎಂಬ ಮೂರನ್ನೂ ನೋಡಬೇಕು.

ಮೊದಲ ಹಂತ ಸುಲಭದ್ದು: ವೈದ್ಯರು ಇಟ್ಟ ಹತ್ತಿಯನ್ನು ಅವರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ಕಚ್ಚಿ ಹಿಡಿದು ಉಗುಳನ್ನು ನುಂಗುತ್ತಿರಬೇಕು; ಮರಗಟ್ಟಿದ ತುಟಿಗೆ ಸ್ಪರ್ಶ ತಿಳಿಯುವವರೆಗೆ ಏನನ್ನೂ ತಿನ್ನಬಾರದು, ತಿಂದರೆ ಕೆನ್ನೆಯನ್ನೇ ಕಚ್ಚಿಕೊಳ್ಳುವುದು ಖಚಿತ.

ಮೊದಲ ದಿನವೆಲ್ಲ ತಣ್ಣಗಿರುವುದೇ ಆಹಾರ. ಶುಂಠಿ, ಕೊತ್ತಂಬರಿ, ಕರಿಬೇವಿನ ಚೂರುಗಳಿಲ್ಲದಂತೆ ಸೋಸಿದ ಮಜ್ಜಿಗೆ, ಗೋಡಂಬಿ ಬಾದಾಮಿ ಇಲ್ಲದ ಸಾದಾ ಐಸ್‌ಕ್ರೀಮ್, ಆರಿದ ಹಾಲು ಸಾಕು. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುವ ಬದಲು ಇವುಗಳಲ್ಲಿ ಒಂದನ್ನು ಅರ್ಧ ಲೋಟವಾದರೂ ಕುಡಿದು ನುಂಗುವುದು ಒಳ್ಳೆಯದು.

ಎರಡನೆಯ ದಿನದಿಂದ ರಾಗಿ ಗಂಜಿ. ಬಹುಪಾಲು ಮನೆಗಳಲ್ಲಿ ಕೆಡುವುದು ಇಲ್ಲೇ. ಮಿಲ್ಲಿನಲ್ಲಿ ಬೀಸಿದ ಹಿಟ್ಟನ್ನು ಹಾಗೆಯೇ ಬಳಸಿದರೆ ಅದರ ಸಣ್ಣ ತೌಡು ಗುಳಿಗೆ ಹೋಗಿ ಕೂರುತ್ತದೆ, ಆದ್ದರಿಂದ ಹಿಟ್ಟನ್ನು ಮೊದಲು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಬೆರಳಿನಿಂದಲೇ ಕಲಸಿ, ಗಂಟು ಬೆರಳಿಗೆ ಸಿಕ್ಕಾಗಲೆಲ್ಲ ಒಡೆಯಬೇಕು. ಕುದಿಯುವ ನೀರಿಗೆ ಒಣ ಹಿಟ್ಟು ಉದುರಿಸಿದವರು ಆಮೇಲೆ ಎಷ್ಟು ತಿರುವಿದರೂ ಗಂಟು ಕರಗದು. ಒಂದೂವರೆ ಲೋಟ ನೀರು ಕುದಿ ಬಂದಾಗ ಉರಿ ಸಣ್ಣದು ಮಾಡಿ, ಕಲಸಿದ್ದನ್ನು ಎಳೆಯಾಗಿ ಸುರಿಯುತ್ತಾ, ತಳ ಹಿಡಿಯದಂತೆ ಎಂಟು ಹತ್ತು ನಿಮಿಷ ತಿರುವಬೇಕು. ಹಸಿ ವಾಸನೆ ಹೋಗಿ ಗಂಜಿಗೆ ಹೊಳಪು ಬಂದಾಗ ಉಪ್ಪು ಹಾಕಿ ಇಳಿಸಬಹುದು.

ಇನ್ನು ಎಲ್ಲರೂ ಮರೆಯುವ ಸಂಗತಿ: ಗಂಜಿ ಆರುತ್ತಾ ಗಟ್ಟಿಯಾಗುತ್ತದೆ. ಒಲೆಯ ಮೇಲೆ ಕುಡಿಯುವ ಹದಕ್ಕೆ ಬಂದದ್ದು ಆರುವ ಹೊತ್ತಿಗೆ ಅಂಟಾಗಿ, ರೋಗಿಗೆ ಕುಡಿಯಲಾಗದೆ, ಅದನ್ನು ಮತ್ತೆ ಬಿಸಿ ಮಾಡಿ ಸುಡುಸುಡು ಕೊಡುತ್ತಾರೆ. ಇಳಿಸುವಾಗಲೇ ತೆಳ್ಳಗಿನ ಸಾರಿನಷ್ಟು ನೀರಾಗಿರಬೇಕು. ಮೇಲೆ ಕಟ್ಟಿದ ಪದರವನ್ನು ತೆಗೆದು, ಸೋಸಿ, ಮಜ್ಜಿಗೆ ಬೆರೆಸಿ, ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟು ನೋಡಿದಾಗ ಬಿಸಿಯೂ ಗೊತ್ತಾಗಬಾರದು, ತಂಪೂ ಗೊತ್ತಾಗಬಾರದು. ನನ್ನ ಆಯ್ಕೆ ಮಾತ್ರ ಯಾವಾಗಲೂ ಮೊಳಕೆ ರಾಗಿಯ ಹಿಟ್ಟು. ಮೊಳಕೆಯಲ್ಲಿ ಪಿಷ್ಟ ಒಡೆದಿರುವುದರಿಂದ ಮೂರು ಚಮಚ ಹಾಕಿದರೂ ಗಂಜಿ ತೆಳ್ಳಗೇ ಇದ್ದು, ಒಂದು ಲೋಟದಲ್ಲಿ ಹೆಚ್ಚು ಆಹಾರ ಹೊಟ್ಟೆ ಸೇರುತ್ತದೆ. ಅಂಗಡಿಯ ರಾಗಿ ಮಾಲ್ಟ್ ಕೊಳ್ಳುವವರು ಪೊಟ್ಟಣದ ಹಿಂಬದಿ ಓದಲಿ, ಮೊದಲ ಹೆಸರು ಸಕ್ಕರೆಯಾಗಿದ್ದರೆ ಅದನ್ನು ಅಲ್ಲಿಯೇ ಇಟ್ಟು ಬರಲಿ. ಸಕ್ಕರೆ ಕಾಯಿಲೆಯವರ ಕಷ್ಟ ಇನ್ನೊಂದು ಬಗೆಯದು: ಎಂದಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಕಡಿಮೆಯಾದರೆ ಸಕ್ಕರೆ ಅಂಶ ಇಳಿದುಹೋಗಬಹುದಾದ್ದರಿಂದ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಬೇಕು.

ಮೊದಲ 24 ಗಂಟೆ ಕಳೆದ ಮೇಲೆ ಪ್ರತಿ ಊಟದ ನಂತರ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಬಾಯಲ್ಲಿ ಹಿಡಿದು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಬಾಯಿ ತೆರೆದು ನೀರು ತಾನಾಗಿ ಬೀಳಲು ಬಿಡಬೇಕು. ಮುಕ್ಕಳಿಸಿ ಉಗಿಯಬಾರದು.

ಮೂರನೆಯ ದಿನಕ್ಕೆ ಕೆನ್ನೆಯ ಊತ ಹೆಚ್ಚಾಗಿಯೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಅಲ್ಲಿಂದ ಮುಂದೆ ಕೈಯಲ್ಲಿ ಚೆನ್ನಾಗಿ ಕಿವುಚಿದ ಮೊಸರನ್ನ ಕೊಡಬಹುದು, ಆದರೆ ಒಗ್ಗರಣೆ ಬೇಡ, ಒಂದೇ ಒಂದು ಸಾಸಿವೆ ಕಾಳು ಗುಳಿಗೆ ಬಿದ್ದರೆ ರಾತ್ರಿಯೆಲ್ಲ ಕಾಡುತ್ತದೆ. ಹಾಲಿನಲ್ಲಿ ನೆನೆಸಿದ ಮಲ್ಲಿಗೆ ಇಡ್ಲಿ, ಹಿಸುಕಿದ ಬಾಳೆಹಣ್ಣು, ನುಣ್ಣಗೆ ಬೆಂದ ಹೆಸರುಬೇಳೆ ಆಗಬಹುದು. ನಂಜನಗೂಡು ರಸಬಾಳೆ ಸಿಕ್ಕರೆ ಅದೃಷ್ಟ. ಉಪ್ಪಿಟ್ಟನ್ನು ಮೆತ್ತಗಿದೆ ಎಂದು ಕೊಡುವವರು ಬಹಳ, ಅದರ ರವೆ ಬಿಡಿಬಿಡಿಯಾಗಿ ಗುಳಿ ಸೇರುವುದರಿಂದ ಒಂದು ವಾರ ದೂರವಿಡುವುದೇ ಸರಿ.

ಮಂಡ್ಯದವರ ಪ್ರಶ್ನೆ ಬೇರೆಯೇ ಇದೆ: ಮುದ್ದೆಯನ್ನು ಅಗಿಯುವುದೇ ಇಲ್ಲವಲ್ಲ, ಎರಡನೆಯ ದಿನವೇ ನುಂಗಿದರೇನು? ನುಂಗುವುದಕ್ಕೆ ಅಡ್ಡಿಯಿಲ್ಲ, ಅಡ್ಡಿ ಇರುವುದು ಬಿಸಿಗೆ, ಬಸ್ಸಾರಿನ ಖಾರಕ್ಕೆ ಮತ್ತು ಸೊಪ್ಪಿನ ನಾರಿಗೆ. ಬಿಗಿದ ದವಡೆ ತುತ್ತಿನಗಲ ತೆರೆಯುವುದೂ ಕಷ್ಟ. ಐದಾರು ದಿನ ಕಳೆದ ಮೇಲೆ ಗೋಲಿಯಷ್ಟು ಸಣ್ಣ ತುತ್ತನ್ನು ಖಾರವಿಲ್ಲದ ಕಟ್ಟಿನಲ್ಲಿ ಅದ್ದಿ, ಇನ್ನೊಂದು ಬದಿಯಿಂದ ನುಂಗಬಹುದು. ಎಲೆ ಅಡಿಕೆ, ಚಕ್ಕುಲಿ, ಕೋಸಂಬರಿಗಳೆಲ್ಲ ಹೊಲಿಗೆ ಬಿಚ್ಚಿ ವೈದ್ಯರು ಒಪ್ಪಿದ ಮೇಲಿನ ಮಾತು.

ಮೂರನೆಯ ದಿನ ಇಳಿಯಬೇಕಾದ ನೋವು ಏರತೊಡಗಿದರೆ, ಬಾಯಿ ಕೆಟ್ಟ ವಾಸನೆ ಹೊಡೆದರೆ ಅಥವಾ ಜ್ವರ ಬಂದರೆ ಲವಂಗದ ಎಣ್ಣೆ ಹಚ್ಚಿಕೊಂಡು ಕಾಯದೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಡ್ರೈ ಸಾಕೆಟ್ ಆಗಿದ್ದರೆ ಅವರು ಗುಳಿಯನ್ನು ತೊಳೆದು ಔಷಧಿ ತುಂಬುತ್ತಾರೆ. ಭಾವನವರಿಗೆ ಅದಾದ ರಾತ್ರಿ ನಿದ್ದೆ ಬಂದಿತ್ತು.